ಹದ್ದಿನ ಗೂಡಿಗೆ ಫಿರಂಗಿ ಗುರಿ

ಕಡಲಿಲ್ಲದ ಉಲ್ಲಾಳದಿಂದ ಮಾತಾಡ್ತಿದ್ದೀನಿ. ಮಂಗಳೂರಿನದಲ್ಲ, ಕೆಂಗೇರಿ ಪಕ್ಕದ್ದು. ನಮಗಿರೋದು ಕೆರೆ ಮಾತ್ರ. ಇವತ್ತಿನ ಕಥೆ ಮಾತ್ರ ನಡುಗಡಲಿನದು.

ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೂರ, ನೇತ್ರಾಣಿ ದ್ವೀಪ. ಅಲ್ಲಿ ಜನವಸತಿ ಇಲ್ಲ. ಬಿಳಿ ಹೊಟ್ಟೆಯ ಕಡಲ ಹದ್ದು ಗೂಡು ಕಟ್ಟೋ ಗುಡ್ಡ ಅದು. ಆ ಗುಡ್ಡವನ್ನೇ ನಮ್ಮ ನೌಕಾಪಡೆ ಫಿರಂಗಿ ಅಭ್ಯಾಸಕ್ಕೆ ಗುರಿ ಮಾಡ್ಕೊಂಡಿತ್ತು! ಇಷ್ಟುದ್ದ ಕಡಲಲ್ಲಿ ಹೊಡೆಯೋಕೆ ಬೇರೇನೂ ಸಿಗಲಿಲ್ವಾ?

ಹದ್ದುಗಳು ಅಲ್ಲಿರೋದು ಗೊತ್ತಿರಲಿಲ್ಲ ಅನ್ನೋ ಹಾಗೂ ಇಲ್ಲ. ಕಾಂಗ್ರೆಸ್ ಹುಟ್ಟುಹಾಕಿದ ಎ.ಒ. ಹ್ಯೂಮ್ ಗೊತ್ತಲ್ಲ? ಅದೇ ಆಸಾಮಿ 1870ರ ದಶಕದಲ್ಲೇ ಹಡಗು ಹತ್ತಿ ಲಕ್ಷದ್ವೀಪ, ಪಶ್ಚಿಮ ಕರಾವಳಿ ಸುತ್ತಿ, ಈ ದ್ವೀಪದ ಗೂಡುಗಳ ಬಗ್ಗೆ ಬರೆದಿಟ್ಟಿದ್ದ. ಒಂದೊಂದು ಗೂಡೂ ಕಡ್ಡಿಗಳ ದೊಡ್ಡ ರಾಶಿ. ಈ ಹದ್ದಿಗೆ ಮೀನಷ್ಟೇ ಅಲ್ಲ, ಕಡಲ ಹಾವೂ ಊಟ.

ಹ್ಯೂಮ್ ಹೆಸರು ಬಂದ್ಮೇಲೆ ಇದನ್ನ ಹೇಳದೆ ಮುಂದೆ ಹೋಗೋಕಾಗಲ್ಲ. ಭಾರತದ ಹಕ್ಕಿಗಳ ಮೇಲೆ ಮಹಾಗ್ರಂಥ ಬರೀತೀನಿ ಅಂತ ವರ್ಷಗಟ್ಟಲೆ ಕೂಡಿಟ್ಟ ಹಸ್ತಪ್ರತಿಗಳನ್ನ ಸಿಮ್ಲಾ ಮನೆಯ ಆಳು ರದ್ದಿಗೆ ಮಾರಿಬಿಟ್ಟ! ಮನಸ್ಸು ಮುರಿದು, 80 ಸಾವಿರಕ್ಕೂ ಹೆಚ್ಚು ಹಕ್ಕಿ ಮಾದರಿಗಳನ್ನ ಲಂಡನ್ ಮ್ಯೂಸಿಯಂಗೆ ಕೊಟ್ಟುಬಿಟ್ಟ ಹ್ಯೂಮ್. ಆ ಕಾಗದದಲ್ಲಿ ಸಿಮ್ಲಾದವರು ಎಷ್ಟು ಕಡಲೆಕಾಯಿ ತಿಂದ್ರೋ!

ಇರಲಿ, ನೇತ್ರಾಣಿಗೆ ಬರೋಣ. ಗುಂಡಿನ ಜೊತೆಗೆ ಆಡುಗಳ ಕಾಟವೂ ಇದೆ. ಕಡಲಿಗೆ ಹೋಗೋರು ಹರಕೆ ಹೊತ್ತು ಬಿಟ್ಟ ಆಡುಗಳು ಅಲ್ಲೇ ಕಾಡಾಡಾಗಿವೆ. ಆಡು ಮುಟ್ಟದ ಸೊಪ್ಪಿಲ್ಲ ಅಂತಾರಲ್ಲ, ಪುಟ್ಟ ದ್ವೀಪದಲ್ಲಿ ಅದು ಅಕ್ಷರಶಃ ನಿಜ ಆಗ್ಬಹುದು. ಹೊರಗಿಂದ ಬಂದ ಪ್ರಾಣಿಗಳ ಕಾಟ ಇಲ್ಲಿ ಮಾತ್ರ ಅಲ್ಲ. ಅತ್ತ ಬ್ರಿಟನ್ನಿನ ಸಾಗರೋತ್ತರ ಪ್ರದೇಶ ದಕ್ಷಿಣ ಜಾರ್ಜಿಯಾದಲ್ಲಿ ಹಡಗಿನಿಂದಿಳಿದ ಇಲಿಗಳು ಹಕ್ಕಿ ಮೊಟ್ಟೆ ಮುಗಿಸ್ತಿದ್ವು. ಹೆಲಿಕಾಪ್ಟರಿಂದ ವಿಷದ ಕಾಳು ಚೆಲ್ಲಿ, ಬೇರೆ ಜೀವಿಗಳ ಮೇಲೂ ಕಣ್ಣಿಟ್ಟು, 2018ರಲ್ಲಿ ದ್ವೀಪ ಇಲಿಮುಕ್ತ ಅಂತ ಘೋಷಿಸಿದ್ರು. ನಮ್ಮಲ್ಲಿ ಆಡು ತೆಗೆಯೋ ಮಾತು ಆಮೇಲೆ. ಅವು ಏನನ್ನ ತಿಂತಾವೆ, ಯಾವ ಗಿಡ ಮತ್ತೆ ಚಿಗುರ್ತಿಲ್ಲ ಅಂತ ಮೊದಲು ಕೂತು ನೋಡಬೇಕು.

'ಗಂಧದ ಗುಡಿ' ಚಿತ್ರದಲ್ಲಿ ನಟ ಅಪ್ಪು ನೇತ್ರಾಣಿಯ ನೀರಿಗಿಳಿದದ್ದು ನೋಡಿದ್ದೀರಿ. ಈಗ ಹವಳ ನೋಡೋಕೆ ದೋಣಿಗಳ ಸಾಲೇ ಹೋಗುತ್ತೆ. ಮಳೆಗಾಲದಲ್ಲಿ ದೋಣಿ ಬಂದ್, ಅಕ್ಟೋಬರ್ ಹೊತ್ತಿಗೆ ಮತ್ತೆ ಶುರು. ಹದ್ದು ಗೂಡು ಕಟ್ಟೋದೂ ಹೆಚ್ಚುಕಮ್ಮಿ ಅದೇ ಹೊತ್ತಿಗೆ. ಪ್ರತಿ ಋತುವಲ್ಲೂ ಒಂದು ದೋಣಿಯಲ್ಲಿ ದುರ್ಬೀನು ಹಿಡಿದ ಒಬ್ಬ ಸಂಶೋಧಕನಿಗೆ ಜಾಗ ಕೊಟ್ರೆ ಸಾಕು, ಗೂಡಿನ ಲೆಕ್ಕ ಶುರು ಮಾಡಬಹುದು.