ಗಡಿನಾಡಿನ ಯಕ್ಷಗಾನ ಮತ್ತು ನಮ್ಮ ಶಾಲೆ

(ಸುವರ್ಣ ಮಹೋತ್ಸವದ ಸಾಂಸ್ಕೃತಿಕ ಗೋಷ್ಠಿಯಲ್ಲಿ ನಿವೃತ್ತ ಕನ್ನಡ ಅಧ್ಯಾಪಕರೊಬ್ಬರು ಮಾಡಿದ ಭಾಷಣ)



ಎರಡು ರಾಜ್ಯಗಳ ನಡುವಿನ ಕಲಾ ಸಂಬಂಧದ ಬಗ್ಗೆ ಮಾತಾಡಬೇಕೆಂದು ಸಮಿತಿಯವರು ಹೇಳಿದ್ದಾರೆ. ಇದೇ ಶಾಲೆಯಲ್ಲಿ ಕಲಿತು, ಇಲ್ಲಿಯೇ ಕನ್ನಡ ಕಲಿಸಿ ನಿವೃತ್ತನಾದವನು ನಾನು. ನನಗೆ ತಿಳಿದಿರುವುದು ಯಕ್ಷಗಾನ. ಅದನ್ನೇ ಹೇಳುತ್ತೇನೆ.

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಅದುವರೆಗೆ ಮಂಗಳೂರೂ ಕಾಸರಗೋಡೂ ಒಂದೇ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದವು. ತಲಪಾಡಿಯಲ್ಲಿ ಗಡಿ ಬಂತು. ಕಚೇರಿ, ಕಾಗದಪತ್ರ, ಪಠ್ಯಪುಸ್ತಕ ಎಲ್ಲ ಬದಲಾದವು. ಆಟ ನೋಡುವವರು ಮಾತ್ರ ಬದಲಾಗಲಿಲ್ಲ. ಧರ್ಮಸ್ಥಳ, ಕಟೀಲು ಮೇಳಗಳು ನಮ್ಮ ಗದ್ದೆಗಳಿಗೆ ಬರುತ್ತಲೇ ಇದ್ದವು. ಇಲ್ಲಿಯ ಭಾಗವತರೂ ವೇಷಧಾರಿಗಳೂ ಪತ್ತನಾಜೆಯವರೆಗೆ ಆಚೆಯ ಮೇಳಗಳಲ್ಲಿ ತಿರುಗಾಟ ಮಾಡುತ್ತಲೇ ಇದ್ದರು. ನಮ್ಮ ಶೇಣಿ ಗೋಪಾಲಕೃಷ್ಣ ಭಟ್ಟರು ಸುರತ್ಕಲ್ ಮೇಳದಲ್ಲಿ ಅರ್ಥ ಹೇಳಿದರೆ ಅವರು ಯಾವ ರಾಜ್ಯದವರೆಂದು ಯಾರೂ ಕೇಳಲಿಲ್ಲ.

ರಾಮಾಯಣದ ಪ್ರಸಂಗಗಳನ್ನು ಬರೆದ ಪಾರ್ತಿಸುಬ್ಬ ನಮ್ಮ ಕುಂಬಳೆಯವನು. ಕರ್ನಾಟಕ ಯಕ್ಷಗಾನ ಅಕಾಡೆಮಿ ಕೊಡುವ ದೊಡ್ಡ ಪ್ರಶಸ್ತಿ ಅವನ ಹೆಸರಿನಲ್ಲಿದೆ. ಅವನ ಪದ್ಯಗಳಿಗೂ ಕೊಟ್ಟಾರಕ್ಕರ ತಂಬುರಾನನ ರಾಮನಾಟ್ಟಕ್ಕೂ ಇರುವ ಹೋಲಿಕೆಯನ್ನು ವಿದ್ವಾಂಸರು ಗುರುತಿಸಿದ್ದಾರೆ. ತೆಂಕುತಿಟ್ಟಿನ ಚೆಂಡೆಯೂ ಕಥಕಳಿಯ ಚೆಂಡೆಯೂ ಒಂದೇ. ಮಂಜೇಶ್ವರದಲ್ಲಿ ಗೋವಿಂದ ಪೈಗಳ ನೆನಪಿಗೆ ಎರಡೂ ಸರಕಾರಗಳ ನೆರವಿನಿಂದ 'ಗಿಳಿವಿಂಡು' ಎದ್ದಿದೆ. ಒಳ್ಳೆಯದೇ. ಆದರೆ ಕಟ್ಟಡ ಎದ್ದರೆ ಸಾಲದು, ಕಲಿಯುವ ಮಕ್ಕಳು ಬೇಕು.

ಈಗ ನನ್ನದೊಂದು ತಪ್ಪನ್ನು ಹೇಳಬೇಕು. ಕೇರಳ ಶಾಲಾ ಕಲೋತ್ಸವದಲ್ಲಿ ಯಕ್ಷಗಾನವೂ ಒಂದು ಸ್ಪರ್ಧೆ ಎಂಬುದು ನಿಮಗೆಲ್ಲ ಗೊತ್ತು. ಇಪ್ಪತ್ತು ವರ್ಷಗಳ ಹಿಂದೆ ಅದಕ್ಕಾಗಿ 'ಪಂಚವಟಿ' ಅಭ್ಯಾಸ ನಡೆಯುತ್ತಿತ್ತು. ಮಲಯಾಳ ವಿಭಾಗದ ಎಂಟನೇ ತರಗತಿಯ ಹುಡುಗಿಯೊಬ್ಬಳು ಬಂದು, "ಮಾಷೇ, ನನಗೂ ಒಂದು ವೇಷ ಕೊಡ್ತೀರಾ?" ಎಂದಳು. "ಇದು ಕನ್ನಡದ ಮಕ್ಕಳಿಗೆ" ಎಂದುಬಿಟ್ಟೆ. ನಮ್ಮ ವಿಭಾಗದಲ್ಲಿ ಮಕ್ಕಳು ಕಡಿಮೆಯಾಗುತ್ತಿದ್ದ ಕಾಲ. ಇದೊಂದಾದರೂ ನಮ್ಮದಾಗಿ ಉಳಿಯಲಿ ಎಂಬ ಭಯ ನನ್ನಲ್ಲಿತ್ತು.

ಮರುವರ್ಷ ಅವಳು ಒಂದು ನೋಟುಪುಸ್ತಕ ತಂದಳು. ಜಗಲಿಯಲ್ಲಿ ಕೂತು ಕೇಳಿ, ಶೂರ್ಪನಖಿಯ ಮಾತುಗಳನ್ನು ಪೂರ್ತಿ ಮಲಯಾಳ ಲಿಪಿಯಲ್ಲಿ ಬರೆದುಕೊಂಡಿದ್ದಳು. ಒಂದು ಮಹಾಪ್ರಾಣವೂ ತಪ್ಪಿರಲಿಲ್ಲ. 'ಭರತ'ನನ್ನು 'ಬರತ' ಎನ್ನುತ್ತಿದ್ದ ನನ್ನ ಕನ್ನಡ ಮಕ್ಕಳನ್ನು ಆಮೇಲೆ ತಿದ್ದಿದವಳು ಅವಳೇ! ಅದೇ ತಂಡದಲ್ಲಿ ಚೆಂಡೆ ಬಾರಿಸಿದ ಕನ್ನಡದ ಹುಡುಗನಿಗೆ ಮೊದಲ ಪಾಠ ಹೇಳಿಕೊಟ್ಟವರು ದೇವಸ್ಥಾನದ ಮಾರಾರ್. ನಾನು ಕಾಯಲು ಹೊರಟಿದ್ದ ಬೇಲಿ ಮಕ್ಕಳಿಗೆ ಕಾಣಿಸಿಯೇ ಇರಲಿಲ್ಲ.

ಕುಣಿತ ಕಲಿಸಲು ಗಡಿಯಾಚೆಯ ನಾಟ್ಯಗುರುಗಳೊಬ್ಬರು ಪ್ರತಿ ಶನಿವಾರ ಬಸ್ಸಿನಲ್ಲಿ ಬರುತ್ತಿದ್ದರು. ಬಸ್ಸಿನ ಖರ್ಚು ಬಿಟ್ಟು ಬೇರೇನೂ ತೆಗೆದುಕೊಳ್ಳುತ್ತಿರಲಿಲ್ಲ. 2020ರ ಮಾರ್ಚಿನಲ್ಲಿ ರೋಗದ ಭಯದಿಂದ ಗಡಿಯ ರಸ್ತೆಗಳಿಗೆ ಮಣ್ಣು ಸುರಿದರು. ಗುರುಗಳ ಬರವು ನಿಂತಿತು. ಮುಂದೆ ಮಣ್ಣು ತೆಗೆದರು, ಬಸ್ಸು ಓಡಿತು, ಮೇಳಗಳೂ ಬಂದವು. ನಮ್ಮ ಶಾಲೆಯ ಶನಿವಾರದ ತರಗತಿ ಮಾತ್ರ ಇಂದಿಗೂ ಶುರುವಾಗಿಲ್ಲ. ಅದಕ್ಕೆ ಯಾವ ಸರಕಾರವೂ ಅಡ್ಡ ಬಂದಿಲ್ಲ. ನಾವೇ ಸುಮ್ಮನಾದೆವು. ನಾನಂತೂ ನಿವೃತ್ತಿಯ ನೆಪ ಹೇಳಿಕೊಂಡು ಕೂತೆ.

ಆದ್ದರಿಂದ ಸಮಿತಿಯವರಲ್ಲಿ ಒಂದು ವಿನಂತಿ. ಮಹೋತ್ಸವದ ನಿಧಿಯಲ್ಲಿ ಉಳಿಯುವ ಹಣದಿಂದ ಆ ತರಗತಿಯನ್ನು ಮತ್ತೆ ಆರಂಭಿಸೋಣ. ಎರಡೂ ವಿಭಾಗದ ಮಕ್ಕಳು ಸೇರಲಿ. ತಲಪಾಡಿಯಾಚೆಯ ಒಂದು ಸರಕಾರಿ ಪ್ರೌಢಶಾಲೆಯನ್ನು ಜೊತೆಗೆ ಕರೆಯೋಣ. ಒಂದು ವರ್ಷ ಇಲ್ಲಿ ಆಟ, ಮರುವರ್ಷ ಅಲ್ಲಿ. ಅವರ ರಾಮನಿಗೆ ನಮ್ಮ ಲಕ್ಷ್ಮಣ ಇರಲಿ. ಕನ್ನಡ ಉಳಿಯಬೇಕಾದರೆ ಅದನ್ನು ಬೇರೆಯವರ ಮಕ್ಕಳಿಗೂ ಕೊಡಬೇಕು ಎಂಬುದನ್ನು ನನಗೆ ಆ ನೋಟುಪುಸ್ತಕ ಕಲಿಸಿತು.

ಮೊದಲ ವಂತಿಗೆಯಾಗಿ ನನ್ನ ಒಂದು ತಿಂಗಳ ಪಿಂಚಣಿಯನ್ನು ಇಂದೇ ಖಜಾಂಚಿಯವರಿಗೆ ಒಪ್ಪಿಸುತ್ತಿದ್ದೇನೆ. ಶನಿವಾರ ಬಾಗಿಲು ತೆರೆಯುವ ಕೆಲಸವೂ ನನಗಿರಲಿ.