ಮೂವತ್ತು ಸಾವಿರದ ಹೆಡ್‌ಫೋನು, ಸಣ್ಣ ದನಿ

ಹೋದ ಸಲ ಇಲ್ಲಿ ಮಾತಾಡಿದ ಮೇಲೆ ಕೇಳುಗರಿಂದ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ದೂರು. ಸಾಗರ, ಹೊಸನಗರ, ತೀರ್ಥಹಳ್ಳಿ ಅಂತ ಬರೆದವರ ಊರು ಮಾತ್ರ ಬೇರೆ. ಹೊಸನಗರದ ಕಡೆಯ ಹಿರಿಯರೊಬ್ಬರು ಹೀಗೆ ಬರೆದಿದ್ದಾರೆ: ಬೆಂಗಳೂರಿನಲ್ಲಿರುವ ಮಗ ಮೂವತ್ತು ಸಾವಿರ ಕೊಟ್ಟು ವೈರ್ ಇರುವ ಹೆಡ್‌ಫೋನ್ ತಂದುಕೊಟ್ಟ. ಮೊಬೈಲಿಗೆ ಸಿಕ್ಕಿಸಿದರೆ ಭೀಮಸೇನ ಜೋಶಿಯವರು ಪಕ್ಕದ ಮನೆಯಲ್ಲಿ ಹಾಡಿದ ಹಾಗೆ ಕೇಳುತ್ತದೆ. ಸಂತೆಯಲ್ಲಿ ತಗೊಂಡ ಮುನ್ನೂರು ರೂಪಾಯಿಯದ್ದೇ ಇದಕ್ಕಿಂತ ಜೋರು. ಮಗ ಮೋಸ ಹೋದನೋ, ನನ್ನ ಕಿವಿ ಹೋಯಿತೋ?

ಎರಡೂ ಅಲ್ಲ ಮಾರಾಯ್ರೆ. ವಾಪಸ್ ಕಳಿಸುವ ಮೊದಲು ಈ ಹದಿನೈದು ನಿಮಿಷ ಕೇಳಿ. ಬ್ಲೂಟೂತ್ ಬಿಟ್ಟು ವೈರ್ ಯಾಕೆ ಎನ್ನುವ ಚರ್ಚೆಗೆ ನಾನು ಹೋಗುವುದಿಲ್ಲ. ಇಷ್ಟು ದುಡ್ಡು ಹಾಕಿದವರಿಗೆ ಅದು ಗೊತ್ತಿದ್ದೇ ಇರುತ್ತದೆ.

ಹೆಡ್‌ಫೋನಿನ ಡಬ್ಬದ ಹಿಂದೆ ಎರಡು ಅಂಕಿ ಇರುತ್ತವೆ. ಒಂದು ಓಮ್, ಅಂದರೆ ಇಂಪೀಡೆನ್ಸ್. ಇನ್ನೊಂದು ಡೆಸಿಬಲ್‌ನಲ್ಲಿ ಬರೆದ ಸೆನ್ಸಿಟಿವಿಟಿ. ಜನ ಮೊದಲನೆಯದನ್ನು ಮಾತ್ರ ಓದುತ್ತಾರೆ. ಓದಿ, "ಓಮ್ ಜಾಸ್ತಿ ಇದ್ದಷ್ಟೂ ಮಾಲು ಒಳ್ಳೇದು" ಅಂತ ತೀರ್ಮಾನ ಮಾಡುತ್ತಾರೆ. ಈ ಮಾತನ್ನು ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಬೇಯರ್‌ಡೈನಾಮಿಕ್ ಕಂಪನಿಯ ಡಿಟಿ 990 ಎಂಬ ಒಂದೇ ಮಾದರಿ 32, 250, 600 ಓಮ್ ಹೀಗೆ ಮೂರು ಬಗೆಯಲ್ಲಿ ಬಂದಿದೆ. 600 ಓಮ್‌ನದ್ದು 32 ಓಮ್‌ನದ್ದರ ಅಣ್ಣ ಅಲ್ಲ. ಬೇರೆ ಬೇರೆ ಯಂತ್ರಕ್ಕೆ ಹೊಂದಲಿ ಅಂತ ಮಾಡಿದ್ದು, ಅಷ್ಟೆ.

ಇದನ್ನು ನಮ್ಮ ತೋಟದ ಲೆಕ್ಕದಲ್ಲಿ ಹೇಳುತ್ತೇನೆ. ಅಡಕೆ ತೋಟಕ್ಕೆ ಸ್ಪ್ರಿಂಕ್ಲರ್ ಹಾಕಿದವರಿಗೆ ಒಂದು ಸಂಗತಿ ಗೊತ್ತು. ಜೆಟ್ಟಿನ ಬಾಯಿ ಸಣ್ಣದಿದ್ದರೆ ನೀರು ಹೆಚ್ಚು ಬೇಡ, ಆದರೆ ಪ್ರೆಷರ್ ಬೇಕೇ ಬೇಕು. ಪ್ರೆಷರ್ ಇಲ್ಲದಿದ್ದರೆ ಜೆಟ್ ತಿರುಗುವುದೇ ಇಲ್ಲ, ಬುಡದಲ್ಲೇ ತೊಟ್ಟಿಕ್ಕುತ್ತಾ ನಿಲ್ಲುತ್ತದೆ. ಅದೇ ಎರಡೂವರೆ ಇಂಚಿನ ಪೈಪು ಬಿಟ್ಟು ಕಾದಿಗೆ ತುಂಬಿಸಬೇಕಾದರೆ ಅಷ್ಟು ಪ್ರೆಷರ್ ಬೇಡ, ಆದರೆ ನೀರು ದಂಡಿಯಾಗಿ ಬರಬೇಕು. ವೋಲ್ಟ್ ಅಂದರೆ ಪ್ರೆಷರ್. ಆಂಪಿಯರ್ ಅಂದರೆ ಹರಿಯುವ ನೀರು. ಓಮ್ ಅಂದರೆ ಬಾಯಿ ಎಷ್ಟು ಸಣ್ಣದು ಎಂಬ ಲೆಕ್ಕ. 300 ಓಮ್‌ನ ಹೆಡ್‌ಫೋನು ಸಣ್ಣ ಬಾಯಿಯ ಜೆಟ್ಟು. 30 ಓಮ್‌ನದ್ದು ದೊಡ್ಡ ಬಾಯಿಯ ಪೈಪು. ನಿಮ್ಮ ಮೊಬೈಲು ಅರ್ಧ ಎಚ್.ಪಿ.ಯ ಪಂಪು.

ಇನ್ನು ಎರಡನೆಯ ಅಂಕಿ, ಸೆನ್ಸಿಟಿವಿಟಿ. ಇದು ಮಣ್ಣಿನ ಗುಣ. ಒಂದು ಮಣ್ಣು ಒಂದು ಕೊಡ ನೀರಿಗೇ ತೊಯ್ಯುತ್ತದೆ. ಇನ್ನೊಂದು ಹತ್ತು ಕೊಡ ಕುಡಿದರೂ ಮೇಲೆ ಒಣಗಿರುತ್ತದೆ. ಓಮ್ ನೋಡಿ ಮಣ್ಣಿನ ಗುಣ ಹೇಳಲಿಕ್ಕೆ ಆಗುವುದಿಲ್ಲ.

ಅಂಕಿಯಲ್ಲೇ ಹೇಳುತ್ತೇನೆ, ಕಾಗದ ಪೆನ್ನು ಇದ್ದವರು ಬರೆದುಕೊಳ್ಳಿ. ಸೆನ್ಹೈಸರ್ ಎಚ್‌ಡಿ 650, 300 ಓಮ್. 2003ರಿಂದ ಇರುವ ಮಾದರಿ, ಈಗಲೂ ಜನ ಹುಡುಕಿಕೊಂಡು ಹೋಗುತ್ತಾರೆ. 1 ವೋಲ್ಟ್ ಕೊಟ್ಟರೆ 103 ಡೆಸಿಬಲ್ ಸದ್ದು ಮಾಡುತ್ತದೆ. ಆಗ ಅದು ಎಳೆಯುವ ಕರೆಂಟು ಬರೀ ಮೂರು ಚಿಲ್ಲರೆ ಮಿಲಿಆಂಪಿಯರ್. ಆಡಿಯೊ-ಟೆಕ್ನಿಕಾದ ಎಂ 50 ಎಕ್ಸ್, 38 ಓಮ್. ಅಷ್ಟೇ ಸದ್ದಿಗೆ ಅದಕ್ಕೆ ವೋಲ್ಟಿನ ಮೂರನೇ ಒಂದು ಪಾಲು ಸಾಕು. ಸಾಧಾರಣ ಮೊಬೈಲೂ ಅದನ್ನು ಕೂಗಿಸುತ್ತದೆ. ಇಲ್ಲಿಯವರೆಗೆ "ಓಮ್ ಜಾಸ್ತಿ ಇದ್ದರೆ ಕಷ್ಟ" ಎನ್ನುವವರ ಮಾತು ಸರಿ ಅನ್ನಿಸುತ್ತದೆ. ಈಗ ಹೈಫೈಮ್ಯಾನ್ ಎಚ್‌ಇ-6 ನೋಡಿ. ಓಮ್ ಬರೀ 50. ಮೊಬೈಲಿಗೆ ಸಲೀಸು ಅಂದುಕೊಳ್ಳುತ್ತೀರಿ. ಆದರೆ ಅದರ ಸೆನ್ಸಿಟಿವಿಟಿ ಒಂದು ಮಿಲಿವ್ಯಾಟಿಗೆ 83.5 ಡೆಸಿಬಲ್ ಮಾತ್ರ. ಅದೇ 103 ಡೆಸಿಬಲ್ ಬರಬೇಕಾದರೆ ಎರಡು ವೋಲ್ಟಿನ ಮೇಲೆ ಬೇಕು, ಕರೆಂಟು 40 ಮಿಲಿಆಂಪಿಯರ್ ದಾಟುತ್ತದೆ. 300 ಓಮ್‌ನ ಹೆಡ್‌ಫೋನಿಗಿಂತ ಈ 50 ಓಮ್‌ನದ್ದು ಸುಮಾರು 27 ಪಟ್ಟು ಶಕ್ತಿ ಕುಡಿಯುತ್ತದೆ. ದೊಡ್ಡ ಬಾಯಿಯ ಪೈಪು, ಎಷ್ಟು ಬಿಟ್ಟರೂ ತೊಯ್ಯದ ಮಣ್ಣು.

ಮತ್ತೊಮ್ಮೆ ಹೇಳುತ್ತೇನೆ, ಬೇಜಾರಾದರೂ ಪರವಾಗಿಲ್ಲ. ಓಮ್ ಒಂದನ್ನೇ ಓದಬೇಡಿ. ಎರಡೂ ಅಂಕಿ ಓದಿ. ಆಮೇಲೆ ನಿಮ್ಮ ಹತ್ತಿರ ಇರುವ ಪಂಪು ಯಾವುದು ನೋಡಿ.

ಹೊಸನಗರದ ಹಿರಿಯರೆ, ನಿಮ್ಮ ಮಗ ತಂದದ್ದು 300 ಓಮ್‌ನದ್ದು ಅಂತ ಪತ್ರದಲ್ಲೇ ಬರೆದಿದ್ದೀರಿ. ಎಷ್ಟೋ ಮೊಬೈಲುಗಳು ಕೊಡುವುದು ಅರ್ಧ ವೋಲ್ಟಿನ ಆಸುಪಾಸು. ಈಗಿನ ಸಿನಿಮಾ ಹಾಡಾದರೆ ಅಷ್ಟರಲ್ಲೂ ನಡೆದುಹೋಗುತ್ತದೆ, ಅದನ್ನು ಮುದ್ರಿಸುವಾಗಲೇ ಗಟ್ಟಿ ಮಾಡಿರುತ್ತಾರೆ. ಖಯಾಲಿನ ಹಳೆಯ ಮುದ್ರಿಕೆ ಹಾಗಲ್ಲ. ಆಲಾಪ ಮೆಲ್ಲಗೆ ಇರುತ್ತದೆ, ದ್ರುತಕ್ಕೆ ಬಂದಾಗ ಏರುತ್ತದೆ, ಆ ಏರಿಗೆ ಜಾಗ ಬಿಟ್ಟೇ ಮುದ್ರಿಸಿರುತ್ತಾರೆ. ನಿಮಗೆ ಜೋಶಿಯವರು ಪಕ್ಕದ ಮನೆಯಲ್ಲಿದ್ದಾರೆ ಅನ್ನಿಸಿದ್ದು ಅದಕ್ಕೇ. ಮೊಬೈಲಿಗೂ ಹೆಡ್‌ಫೋನಿಗೂ ನಡುವೆ ಸಿಕ್ಕಿಸುವ, ಎರಡು ವೋಲ್ಟ್ ಕೊಡುವ ಒಂದು ಡಾಂಗಲ್ ತರಿಸಿ. ಅವರು ನಿಮ್ಮ ಜಗಲಿಗೆ ಬಂದು ಕೂರುತ್ತಾರೆ.

ಇಲ್ಲಿ ನನ್ನದೇ ಪೆದ್ದುತನ ಹೇಳಬೇಕು. ಮೊದಲ ಸಲ ಒಳ್ಳೆಯ ಹೆಡ್‌ಫೋನ್ ತಂದಾಗ ಡಾಂಗಲ್ ಎಲ್ಲ ಇರಲಿಲ್ಲ. ಮನೆಯಲ್ಲಿದ್ದ ಹಳೆಯ ಆಂಪ್ಲಿಫೈಯರಿನ ದೊಡ್ಡ ತೂತಿಗೆ ಸಿಕ್ಕಿಸಿದೆ. ಸದ್ದೇನೋ ಬೇಕಾದಷ್ಟಿತ್ತು. ಆದರೆ ತಬಲದ ಎಡಗೈ ಊದಿಕೊಂಡು ಕೇಳುತ್ತಿತ್ತು, ಹೊಟ್ಟೆ ಉಬ್ಬರಿಸಿದ ಹಾಗೆ. ಮಾರಿದವನನ್ನು ಬೈದೆ. ರಿಪೇರಿ ಅಂಗಡಿಯವನೊಬ್ಬ "ಬೆಳ್ಳಿ ವೈರ್ ಹಾಕಿಸಿ ಸರ್" ಅಂದ, ಅದನ್ನೂ ಹಾಕಿಸಿದೆ. ಉಬ್ಬರ ಇಳಿಯಲಿಲ್ಲ, ಕಿಸೆ ಮಾತ್ರ ಇಳಿಯಿತು. ಕಾರಣ ಗೊತ್ತಾಗಲು ವರ್ಷ ಹಿಡಿಯಿತು. ಹಳೆಯ ಆಂಪ್ಲಿಫೈಯರುಗಳ ಹೆಡ್‌ಫೋನ್ ದಾರಿಯಲ್ಲಿ ನೂರು ಓಮ್‌ಗೂ ಮಿಕ್ಕಿದ ರೆಸಿಸ್ಟರ್ ಕೂರಿಸುವ ರೂಢಿ ಇತ್ತು. ಹೆಡ್‌ಫೋನಿನ ಓಮ್ ಎಲ್ಲ ಸ್ವರಕ್ಕೂ ಒಂದೇ ಇರುವುದಿಲ್ಲ. ಬಹಳಷ್ಟರಲ್ಲಿ ಕೆಳಗಿನ ಸ್ವರಗಳ ಹತ್ತಿರ ಅದು ಗುಡ್ಡದ ಹಾಗೆ ಏರುತ್ತದೆ. ನಡುವೆ ರೆಸಿಸ್ಟರ್ ಕೂತರೆ ವೋಲ್ಟು ಇಬ್ಬರಿಗೂ ಹಂಚಿಹೋಗುತ್ತದೆ, ಓಮ್ ಏರಿದ ಜಾಗಕ್ಕೆ ಹೆಚ್ಚು ಪಾಲು. ತಬಲದ ಎಡಗೈಗೆ ಹೆಚ್ಚು ಸಿಕ್ಕಿದ್ದು ಹಾಗೆ. ಯಂತ್ರದ ಒಳಗಿನ ಓಮ್ ಹೆಡ್‌ಫೋನಿನ ಓಮ್‌ನ ಎಂಟನೇ ಒಂದು ಪಾಲಿಗಿಂತ ಕಡಿಮೆ ಇದ್ದರೆ ಈ ತಕರಾರು ಇಲ್ಲ. ಈಗಿನ ಡಾಂಗಲ್‌ಗಳಲ್ಲಿ ಅದು ಸಾಮಾನ್ಯವಾಗಿ ಒಂದೆರಡು ಓಮ್ ಅಷ್ಟೆ. ಬೆಳ್ಳಿ ವೈರಿಗೂ ಇದಕ್ಕೂ ಸಂಬಂಧವೇ ಇಲ್ಲ. ವೈರ್ ತುಂಡಾಗದೆ ಇದ್ದರೆ ಅದು ಒಳ್ಳೆಯ ವೈರು.

ಇಷ್ಟಕ್ಕೇ ಅರ್ಧಕ್ಕಿಂತ ಹೆಚ್ಚು ಹೊತ್ತು ಹೋಯಿತು. ಇನ್ನು ಮಳೆಯ ಮಾತು.

ಪುಸ್ತಕ ಓದಿದವರೆಲ್ಲ "ಓಪನ್ ಬ್ಯಾಕ್ ತಗೊಳ್ಳಿ" ಅನ್ನುತ್ತಾರೆ. ಬೆನ್ನು ತೆರೆದ ಹೆಡ್‌ಫೋನು, ಹಿಂದೆ ಬರೀ ಜಾಲರಿ. ಸಂಗೀತ ತಲೆಯೊಳಗೆ ಸಿಕ್ಕಿಕೊಳ್ಳದೆ ಸ್ವಲ್ಪ ಹೊರಗೆ ಹರಡಿದ ಹಾಗೆ ಕೇಳುತ್ತದೆ, ಅದು ನಿಜ. ನಾನೂ ಇಟ್ಟುಕೊಂಡಿದ್ದೇನೆ. ಆದರೆ ಆ ಸಲಹೆ ಬರೆದವರ ಮನೆಯ ಮೇಲೆ ಹಂಚಿನ ಮಾಡಿಲ್ಲ, ಜಿಂಕ್ ಶೀಟಿನ ಇಳಿಮಾಡೂ ಇಲ್ಲ. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿನ ಆಸುಪಾಸು ಮಳೆ. ಹೊಸನಗರದ ಹುಲಿಕಲ್ಲಿನ ಕಡೆಯವರೂ ಬಿಟ್ಟುಕೊಡುವವರಲ್ಲ. ಪುನರ್ವಸು ಮಳೆ ಹಿಡಿದರೆ ಊಟಕ್ಕೆ ಕೂತವರು ಸಾರು ಬೇಕು ಅನ್ನುವುದನ್ನೂ ಕೂಗಿ ಹೇಳಬೇಕು. ಅಂಥ ಹೊತ್ತಿನಲ್ಲಿ ಜಾಲರಿಯ ಹೆಡ್‌ಫೋನ್ ಹಾಕಿಕೊಂಡರೆ ತಂಬೂರಿ ಯಾವುದು, ಸೂರಿನ ನೀರು ಯಾವುದು ಅಂತ ಗೊತ್ತಾಗುವುದಿಲ್ಲ. ಆಗ ಮನುಷ್ಯ ಏನು ಮಾಡುತ್ತಾನೆ? ವಾಲ್ಯೂಮ್ ಏರಿಸುತ್ತಾನೆ.

ಅದನ್ನು ಮಾಡಬೇಡಿ. 85 ಡೆಸಿಬಲ್ ಸದ್ದನ್ನು ದಿನಕ್ಕೆ ಎಂಟು ಗಂಟೆ ಮೀರಿ ಕೇಳಬಾರದು ಎಂಬುದು ಕೆಲಸದ ಜಾಗಗಳಿಗೆ ಇಟ್ಟ ಒಂದು ಮಿತಿ. ಮೂರು ಡೆಸಿಬಲ್ ಏರಿಸಿದರೆ ಆ ಹೊತ್ತು ಅರ್ಧಕ್ಕೆ ಇಳಿಯುತ್ತದೆ. 88ಕ್ಕೆ ನಾಲ್ಕು ಗಂಟೆ, 91ಕ್ಕೆ ಎರಡು, 94ಕ್ಕೆ ಒಂದು. ಮೂರು ಡೆಸಿಬಲ್ ಅಂದರೆ ಕಿವಿಗೆ ಗೊತ್ತಾಗಿಯೂ ಗೊತ್ತಾಗದಷ್ಟು ಸಣ್ಣ ಅಂತರ. ಹಾಡಿನಿಂದ ಮಳೆಯನ್ನು ಗೆಲ್ಲಲು ಹೋದವರು ಕಿವಿ ಕಳೆದುಕೊಳ್ಳುತ್ತಾರೆ, ಮಳೆ ಸೋಲುವುದಿಲ್ಲ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೇಳುವವರು ನೀವಾದರೆ ಬೆನ್ನು ಮುಚ್ಚಿದ್ದು, ಕ್ಲೋಸ್ಡ್ ಬ್ಯಾಕ್, ತಗೊಳ್ಳಿ. "ಹಾಗಾದರೆ ನಾಯ್ಸ್ ಕ್ಯಾನ್ಸಲಿಂಗ್ ಬೇಡವಾ?" ಅಂತ ಸಾಗರದಿಂದ ಒಬ್ಬರು ಕೇಳಿದ್ದಾರೆ. ಮಳೆಗೆ ಬೇಡ. ಆ ತಂತ್ರ ಚೆನ್ನಾಗಿ ಕೆಲಸ ಮಾಡುವುದು ಬಸ್ಸಿನ ಇಂಜಿನ್, ಜನರೇಟರ್, ವಿಮಾನ ಇಂಥ ದಪ್ಪ ದನಿಯ ಒಂದೇ ಸಮನೆ ಗುಂಯ್‌ಗುಡುವಿಕೆಗೆ. ಮಾಡಿನ ಮೇಲಿನ ಮಳೆಯ ಸದ್ದಿನಲ್ಲಿ ಕಿವಿ ಕೆಡಿಸುವುದು ತೆಳು ದನಿಯ ಚರಚರ. ಅದನ್ನು ತಡೆಯಲು ದಪ್ಪ ಕುಶನ್ನೇ ಸಾಕು. ಕುಶನ್ ಮಾತ್ರ ಕಿವಿಯ ಸುತ್ತ ಸರಿಯಾಗಿ ಕೂರಬೇಕು. ಕನ್ನಡಕದ ಕಡ್ಡಿ ಸಂದು ಮಾಡಿದರೆ ಮಳೆ ಒಳಗೆ ಬರುತ್ತದೆ, ಮೃದಂಗದ ಎಡ ಹೊರಗೆ ಸೋರುತ್ತದೆ. ಕನ್ನಡಕ ತೆಗೆದು ಕೇಳಿ. ಸಂಗೀತಕ್ಕೆ ಕಣ್ಣು ಬೇಕಿಲ್ಲವಲ್ಲ.

ಕೊಳ್ಳುವಾಗ ಏನು ಕೇಳಿ ನೋಡಬೇಕು? ಅಂಗಡಿಯವರು ಹಾಕುವುದು ಧಡಧಡ ಅನ್ನುವ ಹಾಡು. ಅದರಲ್ಲಿ ಎಲ್ಲವೂ ಚೆನ್ನಾಗಿಯೇ ಕೇಳುತ್ತದೆ. ಎರಡು ಹೆಡ್‌ಫೋನ್ ಹೋಲಿಸುವಾಗ ಸ್ವಲ್ಪ ಜೋರಿರುವುದು ಯಾವಾಗಲೂ ಮೇಲು ಅನ್ನಿಸುತ್ತದೆ, ಕಿವಿಯ ಸ್ವಭಾವವೇ ಹಾಗೆ. ಎರಡರ ಸದ್ದನ್ನೂ ಸಮ ಮಾಡಿಕೊಂಡು ಆಮೇಲೆ ಕೇಳಿ. ಗಂಗೂಬಾಯಿ ಹಾನಗಲ್ ಅವರ ಒಂದು ಮುದ್ರಿಕೆ ಒಯ್ಯಿರಿ. ಗಂಟಲಿನ ಶಸ್ತ್ರಚಿಕಿತ್ಸೆಯ ನಂತರ ಬಂದ ಆ ತುಂಬು ಗಡಸು ದನಿಯನ್ನು ತೆಳ್ಳಗೆ ಮಾಡಿ ಕೇಳಿಸಿದರೆ ಆ ಹೆಡ್‌ಫೋನ್ ಅಲ್ಲೇ ಇಟ್ಟು ಬನ್ನಿ. ಹಿಂದಿರುವ ತಂಬೂರಿಯನ್ನು ಗಮನಿಸಿ. ನಾಲ್ಕು ತಂತಿ ನಾಲ್ಕಾಗಿ ಕೇಳಬೇಕು, ಮೀಟಿದ ಮೇಲೆ ಅರಳುವ ಆ ಝೇಂಕಾರ ಸಿಗಬೇಕು. ಹೆಗ್ಗೋಡಿನಲ್ಲೋ ಸಾಗರದಲ್ಲೋ ಯಾರದಾದರೂ ಮನೆಯ ಬೈಠಕ್‌ನಲ್ಲಿ ಮೈಕಿಲ್ಲದೆ ತಂಬೂರಿ ಕೇಳಿದ ನಿಮ್ಮ ಕಿವಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ.

ಯಕ್ಷಗಾನ ಕೇಳುವವರಿಗೆ ಬೇರೆ ಮಾತು. ನಮ್ಮ ಬಡಗಿನ ಚೆಂಡೆ ಹರಿತ. ಮೇಲಿನ ಸ್ವರಗಳನ್ನು ಎತ್ತಿ ತೋರಿಸುವ ಹೆಡ್‌ಫೋನು ಅಂಗಡಿಯಲ್ಲಿ ಐದು ನಿಮಿಷ ಬಹಳ ಸ್ಪಷ್ಟ ಅನ್ನಿಸುತ್ತದೆ. ಮನೆಯಲ್ಲಿ ಒಂದು ಪ್ರಸಂಗ ಪೂರ್ತಿ ಕೇಳುವಷ್ಟರಲ್ಲಿ ತಲೆ ಸಿಡಿಯುತ್ತದೆ. ಇನ್ನೊಂದು, ಭಾಗವತ ಕಾಳಿಂಗ ನಾವಡರು ತೀರಿಕೊಂಡದ್ದು 1990ರಲ್ಲಿ. ಅವರ ಪದಗಳು ನಮಗೆ ಸಿಗುವುದು ಹೆಚ್ಚಾಗಿ ಕ್ಯಾಸೆಟ್ಟಿನಿಂದ ಕ್ಯಾಸೆಟ್ಟಿಗೆ ಇಳಿಸಿ, ಅಲ್ಲಿಂದ ಮೊಬೈಲಿಗೆ ಬಂದ ಪ್ರತಿಗಳು. ಒಳ್ಳೆಯ ಹೆಡ್‌ಫೋನು ಅದರಲ್ಲಿರುವ ಟೇಪಿನ ಸುಯ್ಯನ್ನೂ ಅಷ್ಟೇ ಪ್ರಾಮಾಣಿಕವಾಗಿ ಕೇಳಿಸುತ್ತದೆ. ಅದನ್ನು ಹೆಡ್‌ಫೋನಿನ ದೋಷ ಅಂದುಕೊಂಡು ವಾಪಸ್ ಮಾಡಿದವರು ನನಗೆ ಗೊತ್ತು. ನಿಮ್ಮ ಹತ್ತಿರ ಇರುವುದೆಲ್ಲ ಇಂಥ ಮುದ್ರಿಕೆಯೇ ಆದರೆ ಮೂವತ್ತು ಸಾವಿರ ಹಾಕಬೇಡಿ. ಆರೇಳು ಸಾವಿರದ್ದು ಸಾಕು, ಉಳಿದ ದುಡ್ಡಿನಲ್ಲಿ ಆಟಕ್ಕೇ ಹೋಗಿ ಬನ್ನಿ.

ಇನ್ನೂರು ಗಂಟೆ ಓಡಿಸಿದರೆ ಹೆಡ್‌ಫೋನ್ ಪಳಗುತ್ತದೆ ಎನ್ನುತ್ತಾರಲ್ಲ, ನಿಜವಾ ಅಂತ ಮೂವರು ಬರೆದಿದ್ದಾರೆ. ಪಳಗುವುದು ಹೆಚ್ಚಾಗಿ ನಿಮ್ಮ ಕಿವಿ. ಅಷ್ಟರಲ್ಲಿ ವಾಪಸ್ ಕೊಡುವ ಗಡುವು ಮುಗಿದಿರುತ್ತದೆ.

ಗಾಜಿನ ಆಚೆಯಿಂದ ಕೈ ತೋರಿಸುತ್ತಿದ್ದಾರೆ, ಎರಡೇ ಮಾತು. ನಮ್ಮ ಥಂಡಿಗೆ ರೆಕ್ಸಿನ್ನಿನಂಥ ಕುಶನ್ನು ಕೆಲವೇ ವರ್ಷಗಳಲ್ಲಿ ಸಿಪ್ಪೆ ಏಳುತ್ತದೆ, ವೆಲ್ವೆಟ್ಟಿನದಕ್ಕೆ ಬೂಷ್ಟು ಹಿಡಿಯುತ್ತದೆ. ಬೇರೆ ಕುಶನ್ ಸಿಗುವ ಮಾದರಿಯನ್ನೇ ತಗೊಳ್ಳಿ. ಕೇಳಿ ಆದ ಮೇಲೆ ಬೆವರು ಒರೆಸಿ, ಬಿಗಿಯಾದ ಮುಚ್ಚಳದ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಪೊಟ್ಟಣ ತಿಂಗಳಿಗೊಮ್ಮೆ ಬದಲಾಯಿಸಿ. ಬೆಚ್ಚಗಿರಲಿ ಅಂತ ಬಚ್ಚಲ ಒಲೆಯ ಮೇಲಿನ ಅಟ್ಟದಲ್ಲಿ ಇಡಬೇಡಿ. ನಾನು ಇಟ್ಟಿದ್ದೆ. ಒಂದೇ ಮಳೆಗಾಲಕ್ಕೆ ಕುಶನ್ ಅಂಟಾಯಿತು, ಈಗಲೂ ಹಾಕಿಕೊಂಡರೆ ಹೊಗೆಯ ವಾಸನೆ. ಕೊನೆಯದು, ಗೋಡೆಯ ಕರೆಂಟಿಗೆ ಸಿಕ್ಕಿಸಿದ ಆಂಪ್ಲಿಫೈಯರಿನಲ್ಲಿ ಕೇಳುವವರು ಗುಡುಗು ಶುರುವಾದ ಕೂಡಲೇ ಹೆಡ್‌ಫೋನ್ ತಲೆಯಿಂದ ತೆಗೆದಿಡಿ. ಪ್ಲಗ್ ಕೀಳುವುದು ಮೋಡ ಕಟ್ಟಿದಾಗಲೇ ಆಗಿರಬೇಕು, ಸಿಡಿಲು ಹತ್ತಿರ ಬಂದ ಮೇಲೆ ಅದನ್ನೂ ಮುಟ್ಟಲು ಹೋಗಬೇಡಿ. ರಾಗ ಅರ್ಧಕ್ಕೆ ನಿಂತರೆ ನಿಲ್ಲಲಿ.