ತರುಣ ವಾಗ್ಗೇಯಕಾರರಾಗಿ ಜಯಚಾಮರಾಜ ಒಡೆಯರು

ವೀಣೆ, ಕೊಳಲು, ಪಿಟೀಲುಗಳನ್ನು ಬಲ್ಲ ನಮ್ಮ ಜನಕ್ಕೆ ಪಿಯಾನೋ ಎಂಬ ವಾದ್ಯ ಇಂದಿಗೂ ಸ್ವಲ್ಪ ದೂರದ ನಂಟನಂತೆಯೇ ಇದೆ. ಪಿಟೀಲೂ ಪಡುವಣ ದೇಶದಿಂದಲೇ ಬಂದದ್ದು. ಆದರೆ ಅದು ನಮ್ಮವರ ಕೈ ಸೇರಿ, ನಮ್ಮ ಗಮಕಗಳನ್ನು ಕಲಿತು, ಮನೆಯ ಮಗುವೇ ಆಗಿಹೋಯಿತು. ಪಿಯಾನೋ ಹಾಗಾಗಲಿಲ್ಲ. ಇದಕ್ಕೆ ಕಾರಣ ಆ ವಾದ್ಯದ ರಚನೆಯಲ್ಲಿಯೇ ಇದೆ. ಅದರಲ್ಲಿ 52 ಬಿಳಿಯ ಕೀಲಿಗಳು, 36 ಕರಿಯ ಕೀಲಿಗಳು, ಒಟ್ಟು 88. ಒಂದು ಕೀಲಿಗೆ ಒಂದೇ ಸ್ವರಸ್ಥಾನ. ವೈಣಿಕನು ತಂತಿಯನ್ನು ಎಳೆದು ಗಾಂಧಾರವನ್ನು ಮಧ್ಯಮದತ್ತ ತೂಗಿಸುವಂತೆ ಇಲ್ಲಿ ತೂಗಿಸಲಾಗದು. ಅದಕ್ಕೆ ಪ್ರತಿಯಾಗಿ, ಹತ್ತು ಬೆರಳುಗಳಿಂದ ಹಲವು ಸ್ವರಗಳನ್ನು ಏಕಕಾಲಕ್ಕೆ ನುಡಿಸಿ, ಒಂದು ವಾದ್ಯವೃಂದವನ್ನೇ ಎಬ್ಬಿಸಿ ನಿಲ್ಲಿಸುವ ಶಕ್ತಿ ಅದಕ್ಕಿದೆ. ಒಂದರಲ್ಲಿ ಸ್ವರ ಬಾಗುತ್ತದೆ. ಮತ್ತೊಂದರಲ್ಲಿ ಸ್ವರಗಳು ಒಂದರ ಮೇಲೊಂದು ಕೂಡುತ್ತವೆ. ಎರಡು ಸಂಗೀತಗಳ ಸ್ವಭಾವವೂ ಹೀಗೆಯೇ ಬೇರೆಯಾಗಿದೆ.

ಈ ಎರಡು ಸ್ವಭಾವಗಳನ್ನೂ ತನ್ನವನ್ನಾಗಿ ಮಾಡಿಕೊಂಡ, ಮೂವತ್ತು ತುಂಬುವ ಮೊದಲೇ ಎರಡರಲ್ಲಿಯೂ ಗುರುತು ಉಳಿಸಿದ ಒಬ್ಬ ಕನ್ನಡಿಗರಿದ್ದರು. ಅವರೇ ಮೈಸೂರಿನ ಶ್ರೀ ಜಯಚಾಮರಾಜೇಂದ್ರ ಒಡೆಯರು. ಅವರನ್ನು ಮಹಾರಾಜರೆಂದು, ರಾಜ್ಯಪಾಲರೆಂದು, ವಿದ್ವಾಂಸರೆಂದು ನಾವು ಬಲ್ಲೆವು. ಪಿಯಾನೋ ವಾದಕರೆಂದು ಬಲ್ಲವರು ಕಡಮೆ.

ಅವರು ಹುಟ್ಟಿದ್ದು 1919ರ ಜುಲೈ 18ರಂದು. ನಮ್ಮ ಚಾಮರಾಜಪೇಟೆ ಯಾರ ಹೆಸರನ್ನು ಹೊತ್ತಿದೆಯೋ ಆ ಹತ್ತನೆಯ ಚಾಮರಾಜ ಒಡೆಯರ ಮೊಮ್ಮಗ. ಯುವರಾಜ ಕಂಠೀರವ ನರಸಿಂಹರಾಜ ಒಡೆಯರ ಮಗ. ದೊಡ್ಡಪ್ಪನವರಾದ ನಾಲ್ವಡಿ ಕೃಷ್ಣರಾಜ ಒಡೆಯರ ಅರಮನೆಯಲ್ಲಿ ಎರಡೂ ಸಂಗೀತಗಳು ಒಂದೇ ಸೂರಿನಡಿ ಬಾಳುತ್ತಿದ್ದುವು. ಒಂದು ಕಡೆ ವೀಣೆಯ ವೆಂಕಟಗಿರಿಯಪ್ಪನವರು, ವಾಸುದೇವಾಚಾರ್ಯರು. ಇನ್ನೊಂದು ಕಡೆ ಜರ್ಮನ್ ದೇಶದ ಆಟೋ ಷ್ಮಿಟ್ ನಡೆಸುತ್ತಿದ್ದ ಪಾಶ್ಚಾತ್ಯ ವಾದ್ಯವೃಂದ. ಇಂಥ ಮನೆಯಲ್ಲಿ ಬೆಳೆದ ಹುಡುಗ ಮೈಸೂರಿನ ಗುಡ್ ಶೆಫರ್ಡ್ ಕಾನ್ವೆಂಟಿನ ಸಿಸ್ಟರ್ ಇಗ್ನೇಷಿಯಸ್ ಅವರಲ್ಲಿ ಪಿಯಾನೋ ಅಭ್ಯಾಸಕ್ಕೆ ಕುಳಿತದ್ದು ಆಶ್ಚರ್ಯವಲ್ಲ. ಆ ಅಭ್ಯಾಸ ರಾಜಕುಮಾರರ ಮನರಂಜನೆಯ ಮಟ್ಟದಲ್ಲಿ ನಿಲ್ಲದೆ, ಮುಂದೆ ಸಭಾವೇದಿಕೆಯ ವಾದಕನಾಗಬೇಕೆಂಬ ನಿಜವಾದ ಆಸೆಯಾಗಿ ಬೆಳೆಯಿತೆಂಬುದೇ ವಿಶೇಷ.

1938ರಲ್ಲಿ ಅವರು ಮಹಾರಾಜಾ ಕಾಲೇಜಿನಿಂದ ಪದವಿ ಪಡೆದರು. 1939ರಲ್ಲಿ ಯೂರೋಪು ಪ್ರವಾಸ ಮಾಡಿ ಅಲ್ಲಿಯ ಕಲಾವಿದರ, ವಿದ್ವಾಂಸರ ಪರಿಚಯ ಮಾಡಿಕೊಂಡರು. ಅದೇ ವರ್ಷ ಇತ್ತ ಚಾಮರಾಜಪೇಟೆಯಲ್ಲಿ ಶ್ರೀ ರಾಮಸೇವಾ ಮಂಡಳಿಯ ರಾಮನವಮಿ ಸಂಗೀತೋತ್ಸವ ಆರಂಭವಾಯಿತು. ಆಗ ಅವರಿಗೆ ಇಪ್ಪತ್ತು ವರ್ಷ. ಮುಂದಿನ ವರ್ಷದ ಮಾರ್ಚಿಯಲ್ಲಿ ತಂದೆ ತೀರಿಕೊಂಡರು. ಆಗಸ್ಟ್ 3ರಂದು ನಾಲ್ವಡಿಯವರು ತೀರಿಕೊಂಡರು. ಸೆಪ್ಟೆಂಬರಿನಲ್ಲಿ ಇಪ್ಪತ್ತೊಂದರ ತರುಣ ಸಿಂಹಾಸನವನ್ನೇರಬೇಕಾಯಿತು. ಪಿಯಾನೋ ವಾದಕನ ಬಾಳು ಅಲ್ಲಿಗೆ ಮುಗಿಯಿತು.

ಈ ಮಾತನ್ನು ಸ್ವಲ್ಪ ಯೋಚಿಸಿ ನೋಡಬೇಕು. ಸಭಾವಾದಕನಾಗಲು ಪ್ರತಿಭೆಯೊಂದೇ ಸಾಲದು. ದಿನಂಪ್ರತಿ ನಾಲ್ಕಾರು ಗಂಟೆಗಳ ಸಾಧನೆ ಬೇಕು, ಊರೂರು ತಿರುಗುವ ಸ್ವಾತಂತ್ರ್ಯ ಬೇಕು. ಕಡತಗಳ ನಡುವೆ, ದರ್ಬಾರಿನ ನಡುವೆ, ಮಹಾಯುದ್ಧದ ನಡುವೆ ಅದೆಲ್ಲಿ ದೊರೆಯಬೇಕು? ವಾದ್ಯಗಳನ್ನು ಎಷ್ಟು ಬೇಕಾದರೂ ಕೊಳ್ಳಬಲ್ಲವರಿಗೆ ಅವುಗಳ ಮುಂದೆ ಕೂರುವ ವೇಳೆಯನ್ನು ಮಾತ್ರ ಕೊಳ್ಳಲಾಗಲಿಲ್ಲ. ಆದರೂ ಕಲಿಕೆಯನ್ನು ಅವರು ಬಿಡಲಿಲ್ಲ. ಲಂಡನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಷಿಯೇಟ್ ಪದವಿ ಅವರಿಗೆ ಸಂದಿತು. 1945ರಲ್ಲಿ ಟ್ರಿನಿಟಿ ಸಂಗೀತ ಕಾಲೇಜು ತನ್ನ ಗೌರವ ಸದಸ್ಯತ್ವವನ್ನು ನೀಡಿತು.

ತಾನು ನುಡಿಸಲಾಗದ್ದನ್ನು ಇನ್ನೊಬ್ಬರಿಂದ ನುಡಿಸಿ ಉಳಿಸುವುದೆಂದು ಅವರು ನಿಶ್ಚಯಿಸಿದಂತೆ ತೋರುತ್ತದೆ. ನಿಕೋಲಾಯ್ ಮೆಡ್ಟ್‌ನರ್ ಎಂಬ ರಷ್ಯದ ವಾಗ್ಗೇಯಕಾರ, ಸ್ವತಃ ದೊಡ್ಡ ಪಿಯಾನೋ ವಾದಕ, ದೇಶ ಬಿಟ್ಟು ಬಂದು ಲಂಡನಿನಲ್ಲಿ ನೆಲೆಸಿದ್ದ. ವಯಸ್ಸಾಗಿತ್ತು, ಹೃದಯದ ಬೇನೆಯಿತ್ತು, ಕೇಳುವವರು ವಿರಳವಾಗಿದ್ದರು. ಮೈಸೂರಿನ ಮಹಾರಾಜರ ಧನಸಹಾಯದಿಂದ ಮೆಡ್ಟ್‌ನರ್ ಸಂಘವೊಂದು ಏರ್ಪಟ್ಟು, ಆತನ ಮೂರು ಪಿಯಾನೋ ಕನ್ಸರ್ಟೋಗಳೂ ಹಾಡುಗಳೂ ಆತನ ಕೈಯಿಂದಲೇ ಎಚ್.ಎಂ.ವಿ. ಗ್ರಾಮಫೋನ್ ತಟ್ಟೆಗಳಿಗೆ ಇಳಿದುವು. ಮೂರನೆಯ ಕನ್ಸರ್ಟೋವನ್ನು ಆತ ಮೈಸೂರಿನ ಮಹಾರಾಜರಿಗೇ ಅರ್ಪಿಸಿದ. 1951ರಲ್ಲಿ ಮೆಡ್ಟ್‌ನರ್ ಕಣ್ಣು ಮುಚ್ಚಿದ. ಆ ತಟ್ಟೆಗಳಿಲ್ಲದಿದ್ದರೆ ಆತನ ಬೆರಳಿನ ನುಡಿಯನ್ನು ನಾವು ಇಂದು ಇಷ್ಟು ಸಮೃದ್ಧವಾಗಿ ಕೇಳಲಾಗುತ್ತಿರಲಿಲ್ಲ.

1948ರಲ್ಲಿ ಅವರು ಲಂಡನಿನ ಫಿಲ್‌ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರಾದರು. ಆ ವಾದ್ಯವೃಂದದ ಸ್ಥಾಪಕ ವಾಲ್ಟರ್ ಲೆಗ್ ಮೈಸೂರಿಗೆ ಬಂದು ಅರಮನೆಯ ಪಿಯಾನೋಗಳನ್ನೂ ತಟ್ಟೆಗಳ ಭಂಡಾರವನ್ನೂ ಕಂಡು ಬೆರಗಾದ. ವರ್ಷಕ್ಕೆ 10,000 ಪೌಂಡಿನಂತೆ ಮೂರು ವರ್ಷಗಳ ನೆರವು ನಿಶ್ಚಯವಾಯಿತು. ಕಾರಾಯಾನ್ ಆ ವೃಂದವನ್ನು ನಡೆಸಿ ಬಾಲಾಕಿರೆವ್, ರೂಸೆಲ್ ಮೊದಲಾದವರ ಅಪರೂಪದ ಕೃತಿಗಳನ್ನು ಮುದ್ರಿಸಿದ. 1950ರ ಮೇ 22ರಂದು ಲಂಡನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ರಿಚರ್ಡ್ ಸ್ಟ್ರೌಸ್‌ನ ಕೊನೆಯ ನಾಲ್ಕು ಹಾಡುಗಳು ಮೊದಲ ಬಾರಿಗೆ ಹಾಡಲ್ಪಟ್ಟಾಗ ಅದರ ಹಿಂದೆಯೂ ಮೈಸೂರಿನ ಹಣದ ಆಸರೆ ಇತ್ತು.

ಪ್ರಜೆಗಳು ಜವಾಬ್ದಾರಿ ಸರ್ಕಾರಕ್ಕಾಗಿ ಮೈಸೂರು ಚಲೋ ಚಳವಳಿ ಹೂಡಿದ ಕಾಲದಲ್ಲಿಯೇ ಇಷ್ಟು ಹಣ ಸೀಮೆಯಾಚೆಗೆ ಹೋಗಬೇಕಾಗಿತ್ತೆ ಎಂದು ಒಬ್ಬರು ಕೇಳಿದರೆ, ಆ ಪ್ರಶ್ನೆ ಅನ್ಯಾಯದ್ದೇನೂ ಅಲ್ಲ. ಅರಸರ ಔದಾರ್ಯಕ್ಕೆ ಅರಸೊತ್ತಿಗೆಯ ಬೊಕ್ಕಸವೇ ಮೂಲ. ಪೋಷಕನ ಲೆಕ್ಕವನ್ನು ಹೀಗೆ ಎರಡು ಕಡೆಯಿಂದಲೂ ನೋಡಬೇಕು. ಆದರೆ ಸೃಷ್ಟಿಯ ಲೆಕ್ಕ ಬೇರೆ. ಅಲ್ಲಿ ಹಣ ಸಾಲುವುದಿಲ್ಲ.

ಆ ಸೃಷ್ಟಿ ನಡೆದದ್ದು ಬಹುಪಾಲು 1945ರಿಂದ ಈಚಿನ ಎರಡು ಮೂರು ವರ್ಷಗಳಲ್ಲಿ. ಶಿಷ್ಯರಿಗೆ ಇಪ್ಪತ್ತಾರು, ಗುರುಗಳಾದ ವಾಸುದೇವಾಚಾರ್ಯರಿಗೆ ಎಂಬತ್ತು. ವೀಣೆಯನ್ನು ವೆಂಕಟಗಿರಿಯಪ್ಪನವರಲ್ಲಿ ಕಲಿತು, ಶ್ರೀವಿದ್ಯೋಪಾಸನೆಯ ದೀಕ್ಷೆ ಪಡೆದು, ‘ಶ್ರೀವಿದ್ಯಾ’ ಎಂಬ ಅಂಕಿತದಲ್ಲಿ ಸಂಸ್ಕೃತದ 94 ಕೃತಿಗಳನ್ನು ಅವರು ರಚಿಸಿದರು. ಮೊದಲನೆಯದು ಅಠಾಣದಲ್ಲಿ, ಗಣಪತಿಯ ಮೇಲೆ. ಎಷ್ಟೋ ಕೃತಿಗಳಲ್ಲಿ ರಾಗದ ಹೆಸರು ಸಾಹಿತ್ಯದಲ್ಲಿಯೇ ಹೆಣೆದುಕೊಂಡಿದೆ. ದುರ್ವಾಂಕಿ, ಭೂಪಾಲಪಂಚಮ, ಪ್ರತಾಪವರಾಳಿಯಂಥ ಅಪೂರ್ವ ರಾಗಗಳಿಗೂ ಅಲ್ಲಿ ಎಡೆ ದೊರೆತಿದೆ.

ಇಲ್ಲಿ ನನಗೆ ಅತ್ಯಂತ ಗಮನಾರ್ಹವೆಂದು ತೋರುವುದು ಒಂದು ಸಂಗತಿ. ಪಾಶ್ಚಾತ್ಯ ಸಂಗೀತವನ್ನು ಅಷ್ಟು ಆಳವಾಗಿ ಬಲ್ಲವರ ಕೃತಿಗಳಲ್ಲಿ ಅದರ ಬೆರಕೆ ಇರಬಹುದೆಂದು ಹುಡುಕುವವರಿಗೆ ನಿರಾಶೆಯಾಗುತ್ತದೆ. ಅವು ಅಪ್ಪಟ ಕರ್ನಾಟಕ ಸಂಗೀತದ ಕೃತಿಗಳು. ಎರಡನ್ನೂ ಅರೆಬರೆ ಬಲ್ಲವನಿಗೆ ಬೆರಸುವ ಚಪಲ ಹೆಚ್ಚು. ಎರಡನ್ನೂ ಪೂರ್ತಿ ಬಲ್ಲವನಿಗೆ ಅವುಗಳ ಎಲ್ಲೆಯ ಅರಿವೂ ಇರುತ್ತದೆ. ಪಿಯಾನೋದಿಂದ ಅವರಿಗೆ ಬಂದದ್ದು ಸ್ವರಪುಂಜಗಳಲ್ಲ. ಕೃತಿಯೆಂಬುದು ಮೊದಲಿನಿಂದ ಕೊನೆಯವರೆಗೆ ಕಟ್ಟಿದ ಕಟ್ಟಡ, ಅದರ ಒಂದು ಕಲ್ಲೂ ಸಡಿಲವಾಗಿರಬಾರದೆಂಬ ಶಿಸ್ತು ಎಂದು ನನ್ನ ಊಹೆ.

ಅರಸರು ಬರೆದುದನ್ನು ಆಸ್ಥಾನದವರು ಹಾಡದೆ ಇರುತ್ತಾರೆಯೆ ಎಂಬ ಸಂದೇಹವೂ ಸಹಜವೇ. ಅದಕ್ಕೆ ಕಾಲವೇ ಉತ್ತರ ಹೇಳಿದೆ. 1950ರ ಹೊತ್ತಿಗೆ ಅರಸೊತ್ತಿಗೆ ಮುಗಿಯಿತು. ಒಡೆಯರು ರಾಜಪ್ರಮುಖರಾಗಿ, 1956ರಿಂದ ಮೈಸೂರಿನ, ಆಮೇಲೆ ಮದರಾಸಿನ ರಾಜ್ಯಪಾಲರಾಗಿ ಇದ್ದು, 1974ರ ಸೆಪ್ಟೆಂಬರ್ 23ರಂದು ನಮ್ಮ ಬೆಂಗಳೂರಿನ ಅರಮನೆಯಲ್ಲಿ ತೀರಿಕೊಂಡರು. ಹಾಡಲೇಬೇಕೆಂಬ ಅಂಜಿಕೆ ಯಾರಿಗೂ ಉಳಿಯಲಿಲ್ಲ. ಆದರೂ ಗಂಭೀರನಾಟದ ಜಾಲಂಧರ ಕೃತಿಯನ್ನು ಕಚೇರಿಗಳಲ್ಲಿ ಹಾಡುತ್ತಲೇ ಇದ್ದಾರೆ, ನಾಟ್ಯದ ವೇದಿಕೆಯಲ್ಲಿ ಆಡುತ್ತಲೇ ಇದ್ದಾರೆ.

ಇಂದು ನಮ್ಮ ಶ್ರೀರಾಂಪುರದ ಇಕ್ಕಟ್ಟಾದ ಬೀದಿಗಳಲ್ಲಿಯೂ ಸಂಜೆ ಹೊತ್ತು ಕೀಬೋರ್ಡಿನ ದನಿ ಕೇಳಬರುತ್ತದೆ. ಟ್ರಿನಿಟಿಯ ಪರೀಕ್ಷೆಗೆ ಕಟ್ಟುವ ಮಕ್ಕಳು ನಗರದಲ್ಲಿ ಬೇಕಾದಷ್ಟು ಇದ್ದಾರೆ. 1987ರಲ್ಲಿ ಆರಂಭವಾದ ಬೆಂಗಳೂರು ಸ್ಕೂಲ್ ಆಫ್ ಮ್ಯೂಸಿಕ್‌ನಂಥ ಸಂಸ್ಥೆಗಳಿವೆ. ಹತ್ತನೆಯ ತರಗತಿ ಬಂದೊಡನೆ ತಂದೆತಾಯಿಗಳು ಕೀಬೋರ್ಡಿಗೆ ಬಟ್ಟೆ ಹೊದಿಸಿ ಅಟ್ಟಕ್ಕೇರಿಸುವುದನ್ನೂ ನಾವು ಕಾಣುತ್ತೇವೆ. ಈ ಮಕ್ಕಳ ಪಾಲಿಗೆ ಸಿಂಹಾಸನವಿಲ್ಲದಿದ್ದರೇನು, ಹುದ್ದೆಯೆಂಬುದಿದೆಯಲ್ಲ! ಹಿರಿಯರ ಆತಂಕ ಸುಳ್ಳಲ್ಲ. ಸಂಗೀತದಿಂದ ಅನ್ನ ಹುಟ್ಟುವುದು ಕಷ್ಟವೇ. ಆದರೆ ಒಡೆಯರ ಬಾಳಿನಿಂದ ಒಂದು ಮಾತು ಸ್ಪಷ್ಟವಾಗುತ್ತದೆ. ಕರ್ತವ್ಯ ಬಂದು ವಾದಕನ ವೇದಿಕೆಯನ್ನು ಕಿತ್ತುಕೊಂಡರೂ ಕಲಿತ ವಿದ್ಯೆಯನ್ನು ಕಿತ್ತುಕೊಳ್ಳಲಾಗಲಿಲ್ಲ. ದಿನಕ್ಕೊಂದು ಗಂಟೆಯಾದರೂ ಅದಕ್ಕೆ ಜಾಗ ಬಿಟ್ಟರೆ, ಅದು ಎಂದೋ ಎಲ್ಲಿಯೋ ಬೇರೊಂದು ರೂಪದಲ್ಲಿ ಚಿಗುರೀತು.

ಶ್ರೋತೃಗಳು ಬಿಡುವಾದಾಗ ಮೆಡ್ಟ್‌ನರನ ಮೂರನೆಯ ಕನ್ಸರ್ಟೋವನ್ನು ಒಮ್ಮೆ ಕೇಳಬೇಕು. ಅದರ ಬೆನ್ನಿಗೇ ಆ ಗಂಭೀರನಾಟದ ಕೃತಿಯನ್ನು ಕೇಳಬೇಕು. ಇವೆರಡೂ ಒಂದೇ ಹೃದಯದಲ್ಲಿ ಒಂದಕ್ಕೊಂದು ಇಕ್ಕಟ್ಟಾಗದೆ ಇದ್ದುವೆಂಬುದನ್ನು ನೆನೆದರೆ, ನಮ್ಮ ಕಿವಿಗಳಿಗೂ ಅಷ್ಟು ಅವಕಾಶ ಉಂಟೆಂಬ ಧೈರ್ಯ ಬರುತ್ತದೆ.